ಸಾಲಿನ ಕೊನೆಯ ಮರಕ್ಕೆ ನೀರು: ಒಂದು ಎಕರೆ ಅಡಿಕೆ ತೋಟದ ಡ್ರಿಪ್ ರಿಪೇರಿ

ನಮ್ಮದು ಕಡೂರು ತಾಲ್ಲೂಕು, ಸಖರಾಯಪಟ್ಟಣದ ಕಡೆ. ಅಯ್ಯನಕೆರೆ ಹತ್ತಿರವೇ ಇದ್ದರೂ ನಮ್ಮ ಹೊಲ ಅದರ ಅಚ್ಚುಕಟ್ಟಿನ ಹೊರಗಿದೆ, ಹಾಗಾಗಿ ಬೋರ್‌ವೆಲ್ಲೇ ಗತಿ. ಒಂದು ಎಕರೆ ಅಡಿಕೆ, 530 ಮರ, ಹನ್ನೊಂದು ವರ್ಷದ್ದು. ಮರಕ್ಕೆ ಎರಡು ಡ್ರಿಪ್ಪರ್, ಅಂದರೆ ಪೈಪಿನಿಂದ ಹನಿಹನಿಯಾಗಿ ನೀರು ಬಿಡುವ ಬಿಲ್ಲೆ, ಒಂದೊಂದು ಗಂಟೆಗೆ 4 ಲೀಟರ್‌ನದು. ದಿನಕ್ಕೆ ಎರಡು ಗಂಟೆ ಬಿಟ್ಟರೆ ಮರಕ್ಕೆ 16 ಲೀಟರ್ ಸಿಗಬೇಕು. ಲೆಕ್ಕ ಸರಿಯಾಗಿಯೇ ಇತ್ತು. ಆದರೆ ಫೆಬ್ರವರಿ ಎರಡನೇ ವಾರ ತೋಟದ ತೆಂಕಣ ತುದಿಯಲ್ಲಿ ಗರಿ ಹಳದಿಯಾಗಲು ಶುರುವಾಯಿತು, ಎಳೆಕಾಯಿ ಉದುರಿ ಬುಡದಲ್ಲಿ ಬಿದ್ದಿದ್ದವು.

ಮೊದಲು ಮಾಡಿದ ಕೆಲಸ, ಎಲ್ಲರೂ ಮಾಡುವುದೇ. ರಾತ್ರಿ ಊಟ ಆದ ಮೇಲೆ ಮೊಬೈಲಿನಲ್ಲಿ "ಅಡಿಕೆ ಗರಿ ಹಳದಿ" ಅಂತ ಹುಡುಕಿದೆ. ಬಂದದ್ದೆಲ್ಲ ಹಳದಿ ಎಲೆ ರೋಗದ ವಿಷಯ. ಶೃಂಗೇರಿ, ಕೊಪ್ಪ ಕಡೆಯ ತೋಟಗಳನ್ನು ಅದು ಹೇಗೆ ಹಾಳು ಮಾಡಿದೆ, ಬಂದ ಮೇಲೆ ಮರ ಗುಣವಾಗುವ ಔಷಧಿ ಇಲ್ಲ, ಇದೇ. ಒಂದಾದ ಮೇಲೆ ಒಂದು ವಿಡಿಯೊ ನೋಡಿ ಹನ್ನೆರಡೂವರೆ ಆಯಿತು. ನಿದ್ದೆ ಬರಲಿಲ್ಲ. ಹನ್ನೊಂದು ವರ್ಷ ಮಕ್ಕಳ ಹಾಗೆ ಸಾಕಿದ ಮರಗಳು, ಸುಮ್ನೆ ಮಾತಲ್ಲ.

ಬೆಳಿಗ್ಗೆ ಪಕ್ಕದ ತೋಟದ ಅಜ್ಜನನ್ನು ಕರೆದುಕೊಂಡು ಬಂದೆ. ಅವರು ಮೊಬೈಲ್ ನೋಡುವವರಲ್ಲ. ತೋಟದ ಬಡಗಣ ತುದಿಯಿಂದ ತೆಂಕಣ ತುದಿಗೆ ಒಂದು ಸಾಲು ನಡೆದರು, ವಾಪಸ್ ಇನ್ನೊಂದು ಸಾಲು ನಡೆದರು. ಆಮೇಲೆ ಕೇಳಿದ್ದು ಒಂದೇ ಮಾತು: "ಅಲ್ಲಪ್ಪಾ, ರೋಗ ಬಂದ್ರೆ ಪೈಪಿನ ಕೊನೆ ನೋಡ್ಕೊಂಡು ಬರುತ್ತಾ?"

ನಿಜ. ಹಳದಿಯಾದ ಮರಗಳೆಲ್ಲ ಡ್ರಿಪ್ ಪೈಪಿನ ಕೊನೆಯಲ್ಲಿದ್ದವು. ಎಲ್ಲ ಸಾಲಿನಲ್ಲೂ ಹಾಗೇ. ನಾನು ಒಂದು ಗರಿಯ ಫೋಟೊ ಮನಸ್ಸಲ್ಲಿ ಇಟ್ಟುಕೊಂಡು ಹುಡುಕಿದ್ದೆ, ಅಜ್ಜ ಇಡೀ ತೋಟ ನೋಡಿದರು. ಆವತ್ತಿನಿಂದ ನಾನು ಯಾರ ಹತ್ತಿರ ಸಲಹೆ ಕೇಳಿದರೂ, ಎಲೆಯ ಫೋಟೊ ಜೊತೆ ಸಾಲಿನ ಉದ್ದಕ್ಕೂ ತೆಗೆದ ಫೋಟೊ ಕಳಿಸುತ್ತೇನೆ. ನೀವೂ ಹಾಗೇ ಮಾಡಿ.

ಇನ್ನು ಕೆಲಸದ ವಿಷಯಕ್ಕೆ ಬರೋಣ.

ಮೊದಲು ಅಳತೆ. ಇದನ್ನು ಬಿಟ್ಟು ರಿಪೇರಿಗೆ ಕೈ ಹಾಕಬೇಡಿ. ಐದು ಸಾಲು ಆರಿಸಿಕೊಂಡೆ, ಪ್ರತಿ ಸಾಲಿನಲ್ಲಿ ನಾಲ್ಕು ಜಾಗ: ಶುರು, ಮೂರನೇ ಒಂದು ಭಾಗ, ಮೂರನೇ ಎರಡು ಭಾಗ, ಕೊನೆ. ಒಟ್ಟು 20 ಡ್ರಿಪ್ಪರ್. ಅವುಗಳ ಕೆಳಗೆ ಮಣ್ಣು ಸ್ವಲ್ಪ ಕೆರೆದು ಐಸ್‌ಕ್ರೀಮ್ ಡಬ್ಬಿ ಇಟ್ಟೆ. ಮೋಟರ್ ಹಾಕಿ ಪೈಪೆಲ್ಲ ತುಂಬಿದ ಮೇಲೆ ಸರಿಯಾಗಿ 15 ನಿಮಿಷ. 4 ಲೀಟರಿನ ಡ್ರಿಪ್ಪರ್ 15 ನಿಮಿಷಕ್ಕೆ 1000 ಎಂ.ಎಲ್. ಕೊಡಬೇಕು. ಮಗಳು ಅಡುಗೆಮನೆಯ ಅಳತೆ ಜಗ್ ತಂದು ಒಂದೊಂದನ್ನೇ ಅಳೆದು ನೋಟ್‌ಬುಕ್ಕಿನಲ್ಲಿ ಬರೆದಳು. ಜಾಸ್ತಿ ಬಂದದ್ದು 940. ಕಡಿಮೆ ಬಂದ ಐದು: 0, 0, 90, 140, 170. ಇಪ್ಪತ್ತರ ಸರಾಸರಿ 570.

ಇದಕ್ಕೆ ಒಂದು ಸುಲಭ ಲೆಕ್ಕ ಇದೆ. ಕಡಿಮೆ ಬಂದ ಕಾಲು ಭಾಗದ ಸರಾಸರಿಯನ್ನು ಎಲ್ಲದರ ಸರಾಸರಿಯಿಂದ ಭಾಗಿಸಿ ನೂರರಿಂದ ಗುಣಿಸಬೇಕು. ನನ್ನ ಐದರ ಸರಾಸರಿ 80. 80ನ್ನು 570ರಿಂದ ಭಾಗಿಸಿದರೆ ಶೇಕಡಾ 14. ಇದು 80ರ ಮೇಲೆ ಇದ್ದರೆ ವ್ಯವಸ್ಥೆ ಚೆನ್ನಾಗಿದೆ ಅಂತ, 90ರ ಮೇಲಿದ್ದರೆ ಬಹಳ ಚೆನ್ನಾಗಿದೆ ಅಂತ. ನನ್ನದು 14. ಅಂದರೆ ಕೊನೆಯ ಮರಗಳಿಗೆ ಎರಡು ಗಂಟೆಯಲ್ಲಿ ಒಂದೂಕಾಲು ಲೀಟರ್ ಸಿಗುತ್ತಿತ್ತು. ಹದಿನಾರು ಲೀಟರ್ ಕೊಡುತ್ತಿದ್ದೇನೆ ಅಂದುಕೊಂಡಿದ್ದೆ.

ಇನ್ನೊಂದು ತಪ್ಪೂ ಇಲ್ಲೇ ಗೊತ್ತಾಯಿತು. "ಬೇಸಿಗೆಯಲ್ಲಿ ನೀರಿನ ಸಮಯ ಡಬಲ್ ಮಾಡಿ" ಅಂತ ಒಂದು ಕಡೆ ಕೇಳಿ ಜನವರಿ ಕೊನೆಯಿಂದ ನಾಲ್ಕು ಗಂಟೆ ಬಿಡುತ್ತಿದ್ದೆ. ಅದರಿಂದ ಕೊನೆಯ ಮರಕ್ಕೆ ಸಿಕ್ಕಿದ್ದು ಎರಡೂವರೆ ಲೀಟರ್. ಮೊದಲ ಮರಕ್ಕೆ 30 ಲೀಟರ್. ಒಂದು ತುದಿ ಒಣಗುತ್ತಿತ್ತು, ಇನ್ನೊಂದು ತುದಿಯಲ್ಲಿ ಬುಡ ಪಚಪಚ ಅನ್ನುತ್ತಿತ್ತು.

ಈಗ ಕಟ್ಟಿಕೊಂಡಿರುವುದು ಏನು ಅಂತ ನೋಡಬೇಕಲ್ವಾ. ನಮ್ಮವು ಬಿಚ್ಚುವ ಡ್ರಿಪ್ಪರ್. ಕೊನೆಯ ಸಾಲಿನಿಂದ ಹತ್ತು ಕಿತ್ತು ಬಿಳಿ ತಟ್ಟೆಯಲ್ಲಿ ಬಿಚ್ಚಿಟ್ಟೆ. ಒಳಗೆ ಮೂರು ಥರದ ಕೊಳೆ ಇತ್ತು. ಒಂದು, ಗಟ್ಟಿ ಬಿಳಿ ಪದರ, ನೀರು ಕಾಯಿಸುವ ಹಂಡೆಯ ಒಳಗೆ ಕಟ್ಟುತ್ತದಲ್ಲ, ಅದೇ. ಇನ್ನೊಂದು, ಬೂದು ಬಿಳಿಯ ಮೆತ್ತನೆ ಹಿಟ್ಟು. ಮೂರನೆಯದು, ಕಂದು ಬಣ್ಣದ ಜಾರುವ ಲೋಳೆ. ಅಡುಗೆಮನೆಯಿಂದ ನಿಂಬೆಹಣ್ಣು ತಂದು ಮೂರರ ಮೇಲೂ ಹಿಂಡಿದೆ. ಗಟ್ಟಿ ಪದರ ಬುರುಬುರು ಅಂತ ನೊರೆ ಬಂತು, ಅಂದರೆ ಅದು ಸುಣ್ಣ. ನಮ್ಮ ಬೋರಿನ ನೀರಿನಲ್ಲಿ ಕರಗಿರುವ ಸುಣ್ಣದ ಅಂಶ, ಮೋಟರ್ ನಿಂತ ಮೇಲೆ ಡ್ರಿಪ್ಪರ್ ಬಾಯಲ್ಲಿ ಉಳಿದ ಕೊನೆಯ ಹನಿ ಆರಿದಾಗ ಅಲ್ಲೇ ಕೂರುತ್ತದೆ. ದಿನಾ ಒಂದು ಹನಿ, ಹನ್ನೊಂದು ವರ್ಷ. ಹಿಟ್ಟು ನೊರೆ ಬರಲಿಲ್ಲ, ಆದರೆ ನಿಧಾನವಾಗಿ ಕರಗಿತು. ಲೋಳೆಗೆ ಏನೂ ಆಗಲಿಲ್ಲ.

ಲೋಳೆ ಎಲ್ಲಿಂದ ಬಂತು ಅನ್ನುವುದು ನನಗೆ ನೋಡಿದ ತಕ್ಷಣ ತಿಳಿಯಿತು. ಹಿಂದಿನ ವರ್ಷ ಜೀವಾಮೃತವನ್ನು ವೆಂಚುರಿಯಲ್ಲಿ (ಗೊಬ್ಬರದ ನೀರನ್ನು ಡ್ರಮ್ಮಿನಿಂದ ಎಳೆದು ಪೈಪಿಗೆ ಸೇರಿಸುವ ಸಾಧನ) ಡ್ರಿಪ್ಪಿಗೇ ಬಿಟ್ಟಿದ್ದೆ. 10 ಕೆಜಿ ಸಗಣಿ, 10 ಲೀಟರ್ ಗಂಜಲ, ಎರಡು ಕೆಜಿ ಬೆಲ್ಲ, ಎರಡು ಕೆಜಿ ದ್ವಿದಳ ಧಾನ್ಯದ ಹಿಟ್ಟು, ಒಂದು ಹಿಡಿ ಮಣ್ಣು, 200 ಲೀಟರ್ ನೀರು. ಜೀವಾಮೃತದಲ್ಲಿ ತಪ್ಪಿಲ್ಲ. ನಾನು ಅದನ್ನು ಒಂದೇ ಪದರ ಸೀರೆ ಬಟ್ಟೆಯಲ್ಲಿ ಸೋಸಿ ಬಿಟ್ಟದ್ದು ತಪ್ಪು. ಹಿಟ್ಟಿನ ನುಣುಪು, ಬೆಲ್ಲದ ಸಿಹಿ ಎರಡೂ ಪೈಪಿನೊಳಗೆ ಉಳಿದರೆ ಅಲ್ಲಿ ಲೋಳೆ ಬೆಳೆಯದೆ ಇನ್ನೇನು ಆಗುತ್ತದೆ.

ಬೂದು ಹಿಟ್ಟು ಮಾತ್ರ ಎರಡು ದಿನ ತಲೆ ತಿಂದಿತು. ಕೊನೆಗೆ ಕಿಸಾನ್ ಕಾಲ್ ಸೆಂಟರಿಗೆ ಫೋನ್ ಮಾಡಿದೆ, 1800-180-1551. ಬೆಳಿಗ್ಗೆ 6ರಿಂದ ರಾತ್ರಿ 10ರವರೆಗೆ, ಕನ್ನಡದಲ್ಲೇ ಮಾತಾಡಬಹುದು, ದುಡ್ಡು ಇಲ್ಲ. ಆ ಕಡೆ ಇದ್ದ ಹುಡುಗಿ ನಾನು ಹೇಳಿದ್ದೆಲ್ಲ ಕೇಳಿಕೊಂಡು ಎರಡು ಪ್ರಶ್ನೆ ಕೇಳಿದಳು. "ಅಣ್ಣಾ, ನೀರು ಪರೀಕ್ಷೆ ಮಾಡಿಸಿದ್ದೀರಾ? ಡ್ರಿಪ್ಪಲ್ಲಿ ಯಾವ್ಯಾವ ಗೊಬ್ಬರ ಬಿಟ್ಟಿದ್ದೀರಾ?" ಎರಡು ಸೀಸನ್ ಡಿಎಪಿ, ಅದೇ ರಂಜಕದ ಹರಳು ಗೊಬ್ಬರ, ಕರಗಿಸಿ ಬಿಟ್ಟಿದ್ದೆ ಅಂದೆ. ಗಡಸು ನೀರಿಗೆ ಡಿಎಪಿ ಹಾಕಬಾರದು ಸರ್ ಅಂದಳು.

ಹೇಳಿದ್ದನ್ನು ನಂಬಿದೆ, ಆದರೂ ಕಣ್ಣಾರೆ ನೋಡೋಣ ಅಂತ ಎರಡು ಬಾಟಲಿ ತೆಗೆದುಕೊಂಡೆ. ಒಂದರಲ್ಲಿ ನಮ್ಮ ಬೋರಿನ ನೀರು, ಇನ್ನೊಂದರಲ್ಲಿ ಊರಿನ ಶುದ್ಧ ಕುಡಿಯುವ ನೀರಿನ ಘಟಕದ ನೀರು. ಡಿಎಪಿಯನ್ನು ಘಟಕದ ನೀರಿನಲ್ಲೇ ನೆನೆಸಿ, ಮೇಲಿನ ತಿಳಿಯನ್ನಷ್ಟೇ ಎರಡಕ್ಕೂ ಒಂದೊಂದು ಚಮಚ ಹಾಕಿ ಕುಲುಕಿ ಇಟ್ಟೆ. ಬೆಳಿಗ್ಗೆ ಬೋರಿನ ಬಾಟಲಿಯ ತಳದಲ್ಲಿ ಬೆರಳಗಲ ಬೂದು ಬಿಳಿ ಹಿಟ್ಟು. ಘಟಕದ ನೀರು ಹೆಚ್ಚುಕಡಿಮೆ ತಿಳಿಯಾಗಿತ್ತು. ಡಿಎಪಿಯ ರಂಜಕ ನಮ್ಮ ನೀರಿನ ಕ್ಯಾಲ್ಸಿಯಂ ಜೊತೆ ಸೇರಿ ಕರಗದ ಹಿಟ್ಟಾಗಿತ್ತು. ಗೊಬ್ಬರಕ್ಕೆ ಕೊಟ್ಟ ದುಡ್ಡು ಮರಕ್ಕೆ ಹೋಗಿರಲಿಲ್ಲ, ಡ್ರಿಪ್ಪರಿನೊಳಗೆ ಕೂತಿತ್ತು.

ಹಿಂದೆ ನನಗೆ ಡಿಎಪಿ ಬಿಡಲು ಹೇಳಿದ್ದು ಶೃಂಗೇರಿ ಕಡೆಯವರ ಒಂದು ವಿಡಿಯೊ, ಅದನ್ನು ಹುಡುಕಿ ತೆಗೆದು ಮತ್ತೆ ನೋಡಿದೆ. ಮಾತು ಕೇಳಲಿಲ್ಲ, ಶಬ್ದ ಪೂರ್ತಿ ಕಡಿಮೆ ಮಾಡಿ ಬರೀ ನೋಡಿದೆ. ಅವರ ಹಿಂದೆ ಹಳ್ಳ ಹರಿಯುತ್ತಿತ್ತು. ಮರದ ಮೇಲೆಲ್ಲ ಹಸಿರು ಪಾಚಿ. ಪೈಪು ಹಳ್ಳದಿಂದ ನೇರವಾಗಿ ಇಳಿದು ಬರುತ್ತಿತ್ತು. ಅದು ಮಳೆ ನೀರಿನಷ್ಟೇ ಮೃದು ನೀರು. ಅವರು ಸುಳ್ಳು ಹೇಳಿರಲಿಲ್ಲ. ಅವರ ತೋಟದಲ್ಲಿ ಅದು ನಡೆಯುತ್ತದೆ. ಶೃಂಗೇರಿಯೂ ಚಿಕ್ಕಮಗಳೂರು ಜಿಲ್ಲೆ, ಕಡೂರೂ ಅದೇ ಜಿಲ್ಲೆ, ಬೆಳೆಯೂ ಅದೇ ಅಡಿಕೆ. ಅವರಿಗೆ ಮಳೆಗಾಲದ ಕೊಳೆರೋಗದ ಚಿಂತೆ, ನಮಗೆ ಬೇಸಿಗೆಯ ಬೋರಿನ ಚಿಂತೆ. ಅವರು ನೀರು ಬಸಿದು ಹೋಗಲು ಕಾಲುವೆ ತೆಗೆಯುತ್ತಾರೆ, ನಾವು ತೇವ ಹಿಡಿದಿಡಲು ಬುಡಕ್ಕೆ ಸೋಗೆ ಮುಚ್ಚುತ್ತೇವೆ. ಅಡಿಕೆ ಅಂತ ಹುಡುಕಿದರೆ ಎರಡು ಕಡೆಯ ಸಲಹೆಯೂ ಒಟ್ಟಿಗೇ ಬಂದು ಬೀಳುತ್ತದೆ. ಹೇಳುವವರ ನೀರು ಎಲ್ಲಿಯದು ಅಂತ ನೋಡದೆ ಹೇಳಿದ್ದನ್ನಷ್ಟೇ ತೆಗೆದುಕೊಂಡೆ, ಎರಡು ವರ್ಷ.

ಹುಡುಕುವ ಪದದಲ್ಲೂ ವಿಷಯ ಇದೆ. "ಹನಿ ನೀರಾವರಿ" ಅಂತ ಹಾಕಿದರೆ ಸಬ್ಸಿಡಿ, ಅರ್ಜಿ, ಯಾವ ದಾಖಲೆ ಬೇಕು, ಇದೇ ಬರುತ್ತದೆ. ಮಗಳು ಇಂಗ್ಲಿಷಿನಲ್ಲಿ ಎಮಿಟರ್ ಕ್ಲಾಗಿಂಗ್ (ಡ್ರಿಪ್ಪರ್ ಕಟ್ಟಿಕೊಳ್ಳುವುದು), ಆಸಿಡ್ ಟ್ರೀಟ್‌ಮೆಂಟ್ ಅಂತ ಹಾಕಿದಾಗ ಡ್ರಿಪ್ ಕಂಪನಿಗಳ ಕೈಪಿಡಿಗಳು, ಕೃಷಿ ವಿಶ್ವವಿದ್ಯಾಲಯಗಳ ಪುಟಗಳು ಸಿಕ್ಕವು. ಅವುಗಳಲ್ಲಿ ಅಳತೆ ಇರುತ್ತದೆ. ಎಷ್ಟು ನೀರಿಗೆ, ಎಷ್ಟು ಹೊತ್ತು, ಎಲ್ಲಿ ನಿಲ್ಲಿಸಬೇಕು. ಅಳತೆ ಇಲ್ಲದ ಸಲಹೆಯನ್ನು ನಾನು ಈಗ ಪಕ್ಕಕ್ಕಿಡುತ್ತೇನೆ.

ನೀರು ಪರೀಕ್ಷೆಗೆ ಕೊಟ್ಟೆ. ಪಿಎಚ್, ಅಂದರೆ ನೀರು ಹುಳಿಯೋ ಕ್ಷಾರವೋ ಅನ್ನುವ ಅಳತೆ, 7.8. ಗಡಸುತನ ಲೀಟರಿಗೆ 520 ಮಿಲಿಗ್ರಾಂ. ಕ್ಷಾರತೆ, ಅಂದರೆ ಆಸಿಡ್ಡನ್ನು ತಡೆದುಕೊಳ್ಳುವ ಗುಣ, 400. ಕುಡಿಯುವ ನೀರಿನ ಗಡಸುತನ 200 ಇದ್ದರೆ ಒಳ್ಳೆಯದು, ಬೇರೆ ನೀರು ಇಲ್ಲದಿದ್ದರೆ 600ರವರೆಗೆ ನಡೆಯುತ್ತದೆ ಅನ್ನುವುದು ಭಾರತೀಯ ಮಾನಕ. ಅಲ್ಲಿಗೆ ನಮ್ಮ ನೀರಿನ ಕಥೆ ಗೊತ್ತಾಯಿತು.

ರಿಪೇರಿ ಶುರು ಮಾಡಿದ್ದು ಫಿಲ್ಟರಿನಿಂದ. ಬಿಚ್ಚಿ ನೋಡಿದರೆ ಒಳಗಿನ ಜಾಲರಿ ಒಂದು ಕಡೆ ಉಗುರಿನಷ್ಟು ಹರಿದಿತ್ತು. ಅಷ್ಟು ಸಾಕು, ಮರಳು ಮಣ್ಣು ಎಲ್ಲ ಅಲ್ಲಿಂದಲೇ ಹೋಗುತ್ತದೆ. ಅದನ್ನು ತೆಗೆದು ಎರಡಿಂಚಿನ ಡಿಸ್ಕ್ ಫಿಲ್ಟರ್ ಕೂರಿಸಿದೆ. ಹಿಂದೆ ಮುಂದೆ ಎರಡು ಪ್ರೆಶರ್ ಗೇಜ್ ಹಾಕಿದೆ. ಎರಡೂ ತೋರಿಸುವ ಒತ್ತಡದಲ್ಲಿ ಅರ್ಧ ಕೆಜಿ ವ್ಯತ್ಯಾಸ ಬಂತು ಅಂದರೆ ಡಿಸ್ಕ್ ಬಿಚ್ಚಿ ತೊಳೆಯುವ ಹೊತ್ತು. ಈ ಗೇಜ್ ಮೊದಲೇ ಇದ್ದಿದ್ದರೆ ಇಷ್ಟು ಆಗುತ್ತಿರಲಿಲ್ಲ.

ಆಮೇಲೆ ಸಬ್‌ಮೇನಿನ, ಅಂದರೆ ಸಾಲುಗಳಿಗೆ ನೀರು ಹಂಚುವ ಪೈಪಿನ, ಕೊಳೆ ಹೊರಬಿಡುವ ಫ್ಲಶ್ ವಾಲ್ವ್. ಅದು ಸೋಗೆ, ಮಣ್ಣಿನಡಿ ಹೂತುಹೋಗಿತ್ತು, ಗುದ್ದಲಿ ತಂದು ಹುಡುಕಬೇಕಾಯಿತು. ತೆರೆದಾಗ ಆರು ನಿಮಿಷ ಕೆಂಪು ನೀರು ಬಂತು. ತಿಳಿಯಾಗುವವರೆಗೆ ಬಿಟ್ಟೆ. ನಂತರ ಒಂದೊಂದು ಸಾಲಿನ ಎಂಡ್ ಕ್ಯಾಪ್, ಪೈಪಿನ ತುದಿಯ ಮುಚ್ಚಳ, ತೆರೆದೆ. ಒಟ್ಟಿಗೆ ನಾಲ್ಕೈದು ಸಾಲಿಗಿಂತ ಜಾಸ್ತಿ ತೆರೆಯಬೇಡಿ, ನೀರಿನ ರಭಸ ಇಳಿದು ಕೊಳೆ ಅಲ್ಲೇ ಉಳಿಯುತ್ತದೆ. ಅಳಿಲು ಕಚ್ಚಿದ ಕಡೆ ಜಾಯಿನರ್ ಹಾಕಿದೆ, ಒಂಬತ್ತು ಕಡೆ.

ಇನ್ನು ಆಸಿಡ್. ಇದನ್ನು ಸ್ವಲ್ಪ ವಿವರವಾಗಿ ಬರೆಯುತ್ತೇನೆ, ಯಾಕೆಂದರೆ ನಾನು ನೋಡಿದ ಸಲಹೆಗಳಲ್ಲಿ ಅತಿ ಅಪಾಯದವು ಇಲ್ಲೇ ಇದ್ದವು. ಒಬ್ಬರು ಎಕರೆಗೆ ಐದು ಲೀಟರ್ ಬಿಡಿ ಅಂದರು, ಯಾವ ನೀರಿಗೆ ಅಂತ ಇಲ್ಲ. ಇನ್ನೊಬ್ಬರು ಸುಣ್ಣಕ್ಕೆ ಆಸಿಡ್, ಲೋಳೆಗೆ ಬ್ಲೀಚಿಂಗ್ ಪೌಡರ್, ಎರಡೂ ಒಟ್ಟಿಗೆ ಕಲಸಿ ಬಿಟ್ಟರೆ ಒಂದೇ ಸಲ ಮುಗಿಯುತ್ತದೆ ಅಂದರು. ದಯವಿಟ್ಟು ಇದನ್ನು ಮಾಡಬೇಡಿ. ಆಸಿಡ್ ಮತ್ತು ಬ್ಲೀಚಿಂಗ್ ಸೇರಿದರೆ ಕ್ಲೋರಿನ್ ಗಾಳಿ ಏಳುತ್ತದೆ. ಮುಚ್ಚಿದ ಪಂಪ್‌ಹೌಸಿನಲ್ಲಿ ಅದನ್ನು ಉಸಿರಾಡಿದರೆ ಜೀವಕ್ಕೇ ಕಷ್ಟ.

ಎಷ್ಟು ಆಸಿಡ್ ಬೇಕು ಅನ್ನುವುದನ್ನು ನಿಮ್ಮ ನೀರೇ ಹೇಳುತ್ತದೆ. 10 ಲೀಟರಿನ ಪ್ಲಾಸ್ಟಿಕ್ ಬಕೆಟ್ಟಿನಲ್ಲಿ ಬೋರಿನ ನೀರು ಹಿಡಿದೆ. ಔಷಧಿ ಅಂಗಡಿಯ ಸಿರಿಂಜಿನಲ್ಲಿ ಶೇಕಡಾ 33ರ ಹೈಡ್ರೋಕ್ಲೋರಿಕ್ ಆಸಿಡ್ ತೆಗೆದು ಒಂದೊಂದೇ ಎಂ.ಎಲ್. ಹಾಕಿ, ಕೋಲಿನಲ್ಲಿ ಕಲಕಿ, ಪಿಎಚ್ ಕಾಗದ ಅದ್ದಿ ನೋಡಿದೆ. ಆರು ಎಂ.ಎಲ್. ತನಕ ಬಣ್ಣ ಅಷ್ಟಾಗಿ ಬದಲಾಗಲಿಲ್ಲ, ಎಂಟಕ್ಕೆ ಒಮ್ಮೆಲೇ ನಮಗೆ ಬೇಕಿದ್ದ 4ಕ್ಕೆ ಇಳಿಯಿತು. ಹಾಗಾದರೆ ನಮ್ಮ ನೀರಿಗೆ 10 ಲೀಟರಿಗೆ 8 ಎಂ.ಎಲ್.

ತೋಟಕ್ಕೆ ಎರಡು ವಾಲ್ವ್, ಒಂದೊಂದರಲ್ಲಿ 530 ಡ್ರಿಪ್ಪರ್. ಆಗಿನ ಅಳತೆಯಲ್ಲಿ ಒಂದು ವಾಲ್ವಿನಲ್ಲಿ ನಿಮಿಷಕ್ಕೆ ಸುಮಾರು 20 ಲೀಟರ್ ಹೋಗುತ್ತಿತ್ತು. 15 ನಿಮಿಷಕ್ಕೆ 300 ಲೀಟರ್. ಅದಕ್ಕೆ 240 ಎಂ.ಎಲ್. ಆಸಿಡ್. ಅಂದರೆ ಒಂದು ವಾಲ್ವಿಗೆ ಕಾಲು ಲೀಟರ್, ಎಕರೆಗೆ ಅರ್ಧ ಲೀಟರ್. ಐದು ಲೀಟರ್ ಎಲ್ಲಿ, ಅರ್ಧ ಲೀಟರ್ ಎಲ್ಲಿ.

ಪ್ಲಾಸ್ಟಿಕ್ ಡ್ರಮ್ಮಿನಲ್ಲಿ ಮೊದಲು 15 ಲೀಟರ್ ನೀರು, ಆಮೇಲೆ ಅದರೊಳಗೆ ಆಸಿಡ್ ಸುರಿಯಬೇಕು. ಆಸಿಡ್ ಮೇಲೆ ನೀರು ಸುರಿಯಬಾರದು, ಸಿಡಿಯುತ್ತದೆ. ರಬ್ಬರ್ ಗ್ಲೌಸ್, ಕಣ್ಣಿಗೆ ಕನ್ನಡಕ, ಗಾಳಿ ಬೆನ್ನ ಕಡೆಯಿಂದ ಬರುವ ಹಾಗೆ ನಿಂತುಕೊಂಡೆ. ಮಗಳನ್ನು ಮನೆಗೆ ಕಳಿಸಿದ್ದೆ. ನಮ್ಮ ಭಾವ ಕೊನೆಯ ಸಾಲಿನಲ್ಲಿ ಪಿಎಚ್ ಕಾಗದ ಹಿಡಿದು ನಿಂತಿದ್ದರು. ವೆಂಚುರಿ 15 ನಿಮಿಷದಲ್ಲಿ ಡ್ರಮ್ ಖಾಲಿ ಮಾಡಿತು, ಅಷ್ಟರಲ್ಲಿ "ಬಂತು, ನಾಕಕ್ಕೆ ಬಂತು!" ಅಂತ ಅವರು ಕೂಗಿದರು. ಮೋಟರ್ ಆಫ್. 24 ಗಂಟೆ ಹಾಗೇ ಬಿಟ್ಟೆ. ವೆಂಚುರಿ ಇರುವ ಜಾಗದಿಂದ ಮುಂದೆ ಕಬ್ಬಿಣ, ಹಿತ್ತಾಳೆ ಏನೂ ಇಲ್ಲ ಅಂತ ಮೊದಲೇ ನೋಡಿಕೊಂಡಿದ್ದೆ.

ಮಾರನೇ ದಿನ ಎಂಡ್ ಕ್ಯಾಪ್ ತೆಗೆದಾಗ ಅಕ್ಕಿ ನುಚ್ಚಿನ ಹಾಗೆ ಬಿಳಿ ಚೂರುಗಳು ಬಂದವು. ಭಾವ ಅಂಗೈಯಲ್ಲಿ ಹಿಡಿದು ತೋರಿಸಿದರು. ಒಂದು ವಾರ ಬಿಟ್ಟು ಇನ್ನೊಂದು ಸಲ ಅದೇ ಕೆಲಸ ಮಾಡಿದೆ. ಡ್ರಿಪ್ಪರ್ ಬಾಯಿ ಸ್ವಲ್ಪ ತೆರೆದಿದ್ದರಿಂದ ನೀರು ಜಾಸ್ತಿ ಹೋಗುತ್ತಿತ್ತು, ಹಾಗಾಗಿ ಮತ್ತೆ ಅಳೆದು ಆಸಿಡ್ ಲೆಕ್ಕ ಹೊಸದಾಗಿ ಹಾಕಿಕೊಂಡೆ.

ಲೋಳೆ ಆಸಿಡ್ಡಿಗೆ ಬಗ್ಗಲಿಲ್ಲ. ಅದಕ್ಕೆ ಕೈಯೇ ಬೇಕಾಯಿತು. ನಾನು, ಹೆಂಡತಿ, ಭಾವ ಮೂರು ದಿನ ಕೂತು ಹರಿಯದ ಡ್ರಿಪ್ಪರುಗಳನ್ನು ಬಿಚ್ಚಿ ಹಳೆಯ ಹಲ್ಲುಜ್ಜುವ ಬ್ರಷ್ಷಿನಲ್ಲಿ ತೊಳೆದೆವು. ಪಿನ್ನು, ಸೂಜಿ ಹಾಕಬಾರದು, ತೂತು ದೊಡ್ಡದಾಗಿ ಅಲ್ಲಿ ನೀರು ಸುರಿಯುತ್ತದೆ. ತೊಳೆದರೂ ಸರಿಹೋಗದ 140 ಬಿಸಾಕಿ ಹೊಸದು ಹಾಕಿದೆವು. ಒಟ್ಟು ಖರ್ಚು 4,600 ರೂಪಾಯಿ, ಅದರಲ್ಲಿ ಜಾಸ್ತಿ ಫಿಲ್ಟರಿಗೇ ಹೋಯಿತು.

ಮಾರ್ಚ್ 20ಕ್ಕೆ ಮತ್ತೆ ಅದೇ 20 ಜಾಗದಲ್ಲಿ ಅದೇ ಡಬ್ಬಿಗಳು. ಸರಾಸರಿ 890. ಕಡಿಮೆ ಬಂದ ಐದು: 700, 740, 780, 800, 830, ಅವುಗಳ ಸರಾಸರಿ 770. ಲೆಕ್ಕ ಹಾಕಿದರೆ ಶೇಕಡಾ 87. ಮಗಳು ನೋಟ್‌ಬುಕ್ಕಿನಲ್ಲಿ 14ರ ಪಕ್ಕ 87 ಅಂತ ಬರೆದು ಅಡಿಯಲ್ಲಿ ಎರಡು ಗೆರೆ ಎಳೆದಳು. ನನಗೆ ಆವತ್ತು ಆದ ಸಂತೋಷ ಅಡಿಕೆಗೆ ಒಳ್ಳೆ ರೇಟು ಬಂದಾಗಲೂ ಆಗಿರಲಿಲ್ಲ. ಸರಾಸರಿ ಇನ್ನೂ ಪೂರ್ತಿ 1000 ಇಲ್ಲವಾದ್ದರಿಂದ ಎರಡು ಗಂಟೆಯ ಬದಲು ಎರಡೂಕಾಲು ಗಂಟೆ ಬಿಡುತ್ತೇನೆ, ಮರಕ್ಕೆ 16 ಲೀಟರ್ ಸೇರುತ್ತದೆ.

ಗೊಬ್ಬರದ ಕ್ರಮವನ್ನೂ ಬದಲಾಯಿಸಿದೆ. ಅಡಿಕೆ ಮರಕ್ಕೆ ವರ್ಷಕ್ಕೆ ಸಾರಜನಕ 100 ಗ್ರಾಂ, ರಂಜಕ 40, ಪೊಟ್ಯಾಷ್ 140 ಅನ್ನುವುದು ಕಾಸರಗೋಡಿನ ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆಯ ಶಿಫಾರಸು, ಅವರ ಕೇಂದ್ರ ವಿಟ್ಲದಲ್ಲೂ ಇದೆ. ರಂಜಕವನ್ನು ಡ್ರಿಪ್ಪಿನಿಂದ ಪೂರ್ತಿ ತೆಗೆದೆ. ಮರಕ್ಕೆ 250 ಗ್ರಾಂ ಸೂಪರ್ ಫಾಸ್ಫೇಟ್, ಎರಡು ಸಲಕ್ಕೆ ಹಂಚಿ, ಬುಡದ ಸುತ್ತ ಮಣ್ಣಿಗೇ. ಯೂರಿಯಾ ಮತ್ತು ಬಿಳಿ ಪೊಟ್ಯಾಷ್ ಮಾತ್ರ ಡ್ರಿಪ್ಪಿನಲ್ಲಿ, ಕೆಂಪು ಪೊಟ್ಯಾಷ್ ಬೇಡ, ಅದರಲ್ಲಿ ಕರಗದ ಕೆಂಪು ಕಸ ಇರುತ್ತದೆ. ಗೊಬ್ಬರ ಮುಗಿದ ಮೇಲೆ 20 ನಿಮಿಷ ಬರೀ ನೀರು. ಜೀವಾಮೃತ ಹಾಕುವುದನ್ನು ನಿಲ್ಲಿಸಿಲ್ಲ, ಅದನ್ನು ಈಗ ಬಕೆಟ್ಟು ಮಗ್ಗು ಹಿಡಿದು ಬುಡಕ್ಕೇ ಹಾಕುತ್ತೇವೆ. ಎರಡು ಬೆಳಗಿನ ಕೆಲಸ.

ಮೊದಲೇ ಹಳದಿಯಾಗಿದ್ದ ಗರಿ ಹಸಿರಾಗಲಿಲ್ಲ, ಆಗುವುದೂ ಇಲ್ಲ. ಏಪ್ರಿಲ್ ಕೊನೆಗೆ ತೆಂಕಣ ತುದಿಯಲ್ಲಿ ಬಿಚ್ಚಿದ ಹೊಸ ಗರಿ ಹಸಿರಾಗಿದೆ. ಕಾಯಿ ಉದುರುವುದು ಕಡಿಮೆಯಾಗಿದೆ, ಪೂರ್ತಿ ನಿಂತಿಲ್ಲ. ಅಜ್ಜ ಮೊನ್ನೆ ಬಂದು ಮತ್ತೆ ಎರಡು ಸಾಲು ನಡೆದು ಹೋದರು. ಏಳನೇ ಸಾಲಿನ ಕೊನೆಯಲ್ಲಿ ಎರಡು ಡ್ರಿಪ್ಪರ್ ಇನ್ನೂ ನಿಧಾನ ಅಂದರು. ನಾಳೆ ಬೆಳಿಗ್ಗೆ ಕರೆಂಟು ಬರುವ ಮೊದಲು ಅವನ್ನು ಬಿಚ್ಚಿ ನೋಡಬೇಕು.